ಕಡಲ ಬದಿಯ ‘ನವೀಕರಿಸಿದ’ ಮನೆ: ಕೊಳ್ಳುವ ಮುನ್ನ ನೋಡಬೇಕಾದುದೇನು?

“ಕಡಲ ತೀರಕ್ಕೆ ಸಮೀಪ, ನವೀಕರಿಸಿದ ಎರಡು ಮಲಗುವ ಕೋಣೆಗಳ ಫ್ಲ್ಯಾಟು ಮಾರಾಟಕ್ಕಿದೆ.” ಮಂಗಳೂರಿನ ಕಡೆಯಿಂದ ಇಂತಹ ಜಾಹೀರಾತುಗಳು ಈಗ ನಮ್ಮ ತೋಟದ ಮನೆಗಳವರೆಗೂ ಬಂದು ತಲುಪುತ್ತಿವೆ. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಅಡಿಕೆ ಬೆಳೆಗಾರರಿಗೂ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಾಫಿ ಬೆಳೆಗಾರರಿಗೂ ಮಂಗಳೂರು ಹೊಸ ಊರೇನಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ 1973ರಲ್ಲಿ ಆರಂಭವಾದದ್ದು ಅಲ್ಲಿಯೇ. ನಮ್ಮ ಕಾಫಿ ಹಡಗು ಹತ್ತುವುದು ಪಣಂಬೂರಿನ ನವಮಂಗಳೂರು ಬಂದರಿನಿಂದ. ಮಕ್ಕಳ ಕಾಲೇಜು, ಹಿರಿಯರ ಆಸ್ಪತ್ರೆ ಎಂದು ತಿಂಗಳಿಗೊಮ್ಮೆ ಘಟ್ಟ ಇಳಿಯುವ ಸಂಸಾರಗಳೂ ಹಲವು. ಆದುದರಿಂದ ಧಾರಣೆ ಒಳ್ಳೆಯದಿದ್ದ ವರ್ಷ ಅಲ್ಲೊಂದು ಮನೆ ಮಾಡಿಕೊಳ್ಳೋಣವೆಂಬ ಯೋಚನೆ ಬರುವುದು ಸಹಜವೇ ಆಗಿದೆ.

ಕೊಳ್ಳಬೇಕೋ ಬೇಡವೋ ಎಂಬುದು ಆಯಾ ಮನೆಯವರು ತೀರ್ಮಾನಿಸಬೇಕಾದ ವಿಷಯ. ಆ ಜಾಹೀರಾತಿನ ಒಂದೊಂದು ಮಾತಿಗೂ ನಿಜವಾದ ಅರ್ಥವೇನು ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದಷ್ಟೇ ಇಲ್ಲಿ ನಮ್ಮ ಉದ್ದೇಶ. ಮೊದಲಿಗೇ ಹೇಳಬಹುದಾದ ಸಾರಾಂಶ ಇಷ್ಟು: ನವೀಕರಣವಾಗಿರುವುದು ಕಣ್ಣಿಗೆ ಕಾಣುವ ಭಾಗ, ನಾವು ಹಣ ಕೊಡುವುದು ಕಾಣದ ಭಾಗಕ್ಕೆ, ಎಂದರೆ ಕಂಬ, ಬೀಮು, ನೆಲದ ಪಾಲು ಮತ್ತು ಕಾಗದಪತ್ರಗಳಿಗೆ.

‘ಸಮೀಪ’ ಎಂಬ ಮಾತು

ಕಡಲಿಗೆ ಸಮೀಪವೆಂದರೆ ಗಾಳಿ ಚೆನ್ನ, ನೋಟ ಚೆನ್ನ. ಜೊತೆಗೆ ಮೂರು ಹೊಣೆಗಳೂ ಬರುತ್ತವೆ.

ಮೊದಲನೆಯದು ಕಾನೂನು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿ.ಆರ್.ಝಡ್. ನಿಯಮ, ಮೊದಲು ಹೊರಬಿದ್ದದ್ದು 1991ರ ಫೆಬ್ರವರಿಯಲ್ಲಿ. 2011ರಲ್ಲಿ ಮತ್ತು 2019ರಲ್ಲಿ ಅದರ ಬದಲಿಗೆ ಹೊಸ ಅಧಿಸೂಚನೆಗಳು ಬಂದವು. ಉಬ್ಬರದ ನೀರು ನೆಲದ ಮೇಲೆ ಬರುವ ಗರಿಷ್ಠ ಗೆರೆಯಿಂದ ಒಳಕ್ಕೆ 500 ಮೀಟರಿನವರೆಗಿನ ಜಾಗ ಈ ವಲಯಕ್ಕೆ ಸೇರುತ್ತದೆ. ಉಬ್ಬರವಿಳಿತ ಕಾಣುವ ಹೊಳೆಗಳ ದಡಗಳಿಗೂ ನಿಯಮ ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಹೊಳೆಯ ದಡದಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದುದು ಎಂದಿತ್ತು. 2019ರಲ್ಲಿ ಆ 100 ಮೀಟರನ್ನು 50ಕ್ಕೆ ಇಳಿಸಲಾಯಿತು. ಆದುದರಿಂದ ನೇತ್ರಾವತಿ ಅಥವಾ ಗುರುಪುರ ಹೊಳೆಯ ಅಂಚಿನ ಕಟ್ಟಡಕ್ಕೂ ಈ ಪ್ರಶ್ನೆ ಬರುತ್ತದೆ. 1991ರ ನಂತರ ಈ ವಲಯದಲ್ಲಿ ಎದ್ದ ಕಟ್ಟಡವಾದರೆ ಅದಕ್ಕೆ ಬೇಕಾದ ಅನುಮತಿ ಪಡೆದಿದ್ದರೇ ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಮುಂದೆಂದಾದರೂ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಕಾಲ ಬಂದಾಗಲೂ ಈ ನಿಯಮ ಎದುರಾಗುವುದು.

ಎರಡನೆಯದು ಕಡಲ್ಕೊರೆತ. ಉಳ್ಳಾಲ, ಸೋಮೇಶ್ವರದ ಕಡೆ ಮಳೆಗಾಲದಲ್ಲಿ ಸಮುದ್ರ ದಡವನ್ನು ಕೊರೆಯುವುದು ಎಲ್ಲರೂ ಬಲ್ಲ ಸಂಗತಿ. ಅದನ್ನು ತಡೆಯಲು ಅಲ್ಲಿ ಕಲ್ಲು ಪೇರಿಸಿದ್ದೂ ಆಗಿದೆ, ಸಮುದ್ರದೊಳಗೆ ತಡೆ ಕಟ್ಟಿದ್ದೂ ಆಗಿದೆ. ಕೊರೆತವಿರುವ ಕಡೆ ಕಟ್ಟಡಕ್ಕೆ ಅಪಾಯ ತಟ್ಟುವ ಮೊದಲೇ ಅದಕ್ಕೆ ಹೋಗುವ ರಸ್ತೆಗೆ ತಟ್ಟಬಹುದು. ಮನೆಯೊಂದನ್ನೇ ನೋಡದೆ ಅಲ್ಲಿಗೆ ಹೋಗುವ ದಾರಿಯನ್ನೂ ನೋಡಬೇಕು. ಹತ್ತು ಹದಿನೈದು ವರ್ಷಗಳ ಹಿಂದೆ ದಡ ಎಲ್ಲಿತ್ತೆಂದು ಅಲ್ಲಿನ ಮೀನುಗಾರರನ್ನು ಕೇಳಿದರೆ ಅವರು ಕೈ ಚಾಚಿ ತೋರಿಸುತ್ತಾರೆ.

ಮೂರನೆಯದು ಉಪ್ಪುಗಾಳಿ. ಇದೇ ಎಲ್ಲಕ್ಕಿಂತ ಮುಖ್ಯವಾದುದರಿಂದ ಮುಂದೆ ವಿವರಿಸಿದ್ದೇವೆ.

‘ನವೀಕರಿಸಿದ’ ಎಂಬ ಮಾತು

ಕಾಫಿ ಗಿಡದ ಬಿಳಿ ಕಾಂಡಕೊರಕವನ್ನು ಕಾಣದ ಬೆಳೆಗಾರನಿಲ್ಲ. ಗಿಡ ಹಸಿರಾಗಿಯೇ ಇರುತ್ತದೆ. ತೊಗಟೆಯ ಮೇಲೆ ಏಣು ಎದ್ದಿದೆಯೇ ಎಂದು ಕೈಯಾಡಿಸಿ ನೋಡಿದವನಿಗೆ ಮಾತ್ರ ಒಳಗಿನ ಹುಳು ತಿಳಿಯುತ್ತದೆ. ಕಡಲ ಬದಿಯ ಹಳೆಯ ಕಟ್ಟಡದ ಸ್ಥಿತಿಯೂ ಇದೇ. ಹುಳುವಿನ ಕೆಲಸವನ್ನು ಅಲ್ಲಿ ಉಪ್ಪು ಮಾಡುತ್ತದೆ.

ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಸಾಮಾನ್ಯವಾಗಿ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿಗೆ ಸುಣ್ಣದಂತೆ ಕ್ಷಾರಗುಣವಿದ್ದು, ಅದು ಸರಳಿನ ಮೇಲೆ ತೆಳುವಾದ ರಕ್ಷಣೆಯ ಪೊರೆಯನ್ನು ಉಂಟುಮಾಡುತ್ತದೆ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡ್ ಅಂಶ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ವರ್ಷಗಟ್ಟಲೆ ಒಳಗಿಳಿದು ಆ ಪೊರೆಯನ್ನು ಒಡೆಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಸಹ ಕ್ಷಾರಗುಣವನ್ನು ಮೆಲ್ಲನೆ ತಗ್ಗಿಸುತ್ತದೆ. ಆಮೇಲೆ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಒಡೆದು, ಮೊದಲು ಸರಳಿನ ಗುಂಟ ಬಿರುಕು ಬಿಟ್ಟು, ನಂತರ ಹೊಪ್ಪಳಿಕೆಯಾಗಿ ಉದುರುತ್ತದೆ. ಹೊಳೆಯ ಅಳಿವೆಯ ಉಪ್ಪು ಮರಳನ್ನು ತೊಳೆಯದೆ ಬಳಸಿ ಕಟ್ಟಿದ್ದರೆ ಈ ಕೆಲಸ ಮೊದಲ ದಿನದಿಂದಲೇ ಪ್ರಾರಂಭವಾಗಿರುತ್ತದೆ.

ಕಟ್ಟಡದ ವಯಸ್ಸನ್ನು ಕೇಳಬೇಕಾದುದು ಈ ಕಾರಣದಿಂದಲೇ. ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಮಾನಕ ಐ.ಎಸ್. 456ರ 1978ರ ಆವೃತ್ತಿಯಲ್ಲಿ ಎಂ-15 ದರ್ಜೆಯ ಕಾಂಕ್ರೀಟಿಗೂ, ಸಾಧಾರಣ ಸ್ಲ್ಯಾಬಿನ ಸರಳಿನ ಮೇಲೆ 15 ಮಿಲಿಮೀಟರ್ ಹೊದಿಕೆಗೂ ಅವಕಾಶವಿತ್ತು. 2000ದ ಆವೃತ್ತಿ ಸರಳು ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ-20 ಎಂದು ವಿಧಿಸಿತಲ್ಲದೆ, ಪರಿಸರ ‘ತೀವ್ರ’ವೆಂದು ವರ್ಗೀಕರಿಸಿದ ಕಡೆ ಎಂ-30 ದರ್ಜೆ ಮತ್ತು 45 ಮಿಲಿಮೀಟರ್ ಹೊದಿಕೆ ಇರಬೇಕೆಂದು ಹೇಳಿತು. ಹಾಗಾಗಿ 2000ಕ್ಕೆ ಮೊದಲು ಕಟ್ಟಿದ ಕಟ್ಟಡದಲ್ಲಿ ಉಪ್ಪು ಸರಳನ್ನು ಮುಟ್ಟಲು ದಾರಿ ಚಿಕ್ಕದಿರುವ ಸಂಭವ ಹೆಚ್ಚು.

ನವೀಕರಣವೆಂದು ಸಾಮಾನ್ಯವಾಗಿ ಮಾಡುವುದು ಪುಟ್ಟಿ, ಬಣ್ಣ, ಹೊಸ ಟೈಲು, ಹೊಸ ಅಡಿಗೆಮನೆ ಕಪಾಟು ಮತ್ತು ಸ್ಲ್ಯಾಬಿನ ಕೆಳಗೆ ಜಿಪ್ಸಮ್ಮಿನ ಸುಳ್ಳು ಮಾಳಿಗೆ, ಎಂದರೆ ಫಾಲ್ಸ್ ಸೀಲಿಂಗ್. ಇವುಗಳಲ್ಲಿ ಒಂದೂ ಸರಳಿನ ತುಕ್ಕನ್ನು ನಿಲ್ಲಿಸದು. ತುಕ್ಕನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಗಾರೆ ಮೆತ್ತಿದರೆ ಪಕ್ಕದ ಸರಳಿಗೆ ತುಕ್ಕು ಇನ್ನೂ ಬೇಗ ಹತ್ತುವುದುಂಟು.

ಎಲ್ಲೆಲ್ಲಿ ನೋಡಬೇಕು?

(1) ಬಣ್ಣ ಹಚ್ಚದ ಜಾಗಗಳನ್ನು ಮೊದಲು ನೋಡಬೇಕು. ವಾಹನ ನಿಲ್ಲಿಸುವ ಕೆಳ ಅಂತಸ್ತಿನ ಕಂಬಗಳು, ತಾರಸಿಯ ಅಂಚು, ಮೇಲಿನ ನೀರಿನ ಟ್ಯಾಂಕಿಯ ತಳ, ಮೆಟ್ಟಿಲಿನ ಅಡಿಭಾಗ, ಸಜ್ಜೆಗಳು. ಕಂದು ಬಣ್ಣದ ಗೆರೆ, ಸರಳಿನ ಗುಂಟ ಹೋಗುವ ಬಿರುಕು, ಉದುರಿದ ಚಕ್ಕೆ ಕಂಡರೆ ಒಳಗಿನ ಮನೆ ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಮುಂದುವರಿಯುವ ಮೊದಲು ಇಂಜಿನಿಯರರನ್ನು ಕರೆತರಬೇಕು. ಕಂಬ, ಬೀಮು, ತಾರಸಿ ಎಲ್ಲ ಮನೆಗಳಿಗೂ ಸಮಾನವಾದ ಆಸ್ತಿ. ಅವುಗಳ ದುರಸ್ತಿಯ ಖರ್ಚಿನಲ್ಲಿ ಕೊಂಡವರ ಪಾಲೂ ಬಂದೇ ಬರುತ್ತದೆ.

(2) ಫಾಲ್ಸ್ ಸೀಲಿಂಗ್ ಇದ್ದರೆ ಒಂದೆರಡು ಕಡೆ ಬಿಚ್ಚಿಸಿ ಮೇಲಿನ ಸ್ಲ್ಯಾಬು ನೋಡಲು ಅನುಮತಿ ಕೇಳಬೇಕು. ದೀಪದ ಕಿಂಡಿಯಿಂದಲೂ ಟಾರ್ಚು ಹಾಕಿ ನೋಡಬಹುದು. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

(3) ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಗೋಡೆ, ಸ್ಲ್ಯಾಬು, ಟೈಲುಗಳನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ ಎಂದರ್ಥ.

(4) ಬಚ್ಚಲಿನ ಹೊಸ ಟೈಲಿನ ಕೆಳಗೆ ನೀರು ತಡೆಯುವ ಕೆಲಸ ಮಾಡಿದ್ದಾರೆಯೇ ಎಂಬುದು ಮೇಲಿನಿಂದ ತಿಳಿಯದು. ಕೆಳಗಿನ ಮನೆಯವರಲ್ಲಿ ವಿನಂತಿಸಿ ಅವರ ಬಚ್ಚಲಿನ ಮಾಳಿಗೆಯನ್ನು ನೋಡಬೇಕು. ಸಾಧ್ಯವಾದರೆ ಬಚ್ಚಲಿನ ಕಿಂಡಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ಪರೀಕ್ಷಿಸುವುದು ಒಳ್ಳೆಯದು.

(5) ಹಳೆಯ ಟೈಲಿನ ಮೇಲೆಯೇ ಹೊಸ ಟೈಲು ಹಾಸಿದ್ದರೆ ಬಾಗಿಲುಗಳ ಬುಡ ಕತ್ತರಿಸಿದ ಗುರುತಿರುತ್ತದೆ. ಕೋಣೆ ದೊಡ್ಡದು ಮಾಡಲೆಂದು ಗೋಡೆ ತೆಗೆದಿದ್ದರೆ, ಬಾಲ್ಕನಿಯನ್ನು ಒಳಗೆ ಸೇರಿಸಿದ್ದರೆ, ಮಂಜೂರಾದ ನಕ್ಷೆಯೊಡನೆ ತಾಳೆ ನೋಡತಕ್ಕದ್ದು.

(6) ಗೋಡೆಯೊಳಗಿನ ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ ಹಳೆಯವೇ ಉಳಿದಿವೆಯೋ ಬದಲಿಸಿದ್ದಾರೋ ಎಂದು ಕೇಳಿ, ಬದಲಿಸಿದ್ದಕ್ಕೆ ಬಿಲ್ಲು ಕೇಳಬೇಕು. ಕಿಟಕಿಯ ಸರಳು, ಹವಾನಿಯಂತ್ರಣ ಯಂತ್ರದ ಹೊರಭಾಗ, ಅದನ್ನು ಹೊತ್ತ ಕಬ್ಬಿಣದ ಚೌಕಟ್ಟು ಇವು ಉಪ್ಪುಗಾಳಿಗೆ ಮೊದಲು ಬಲಿಯಾಗುವ ವಸ್ತುಗಳು.

(7) ಬಾವಿ ಅಥವಾ ಕೊಳವೆಬಾವಿಯ ನೀರನ್ನು ಏಪ್ರಿಲ್-ಮೇ ತಿಂಗಳಲ್ಲಿ ರುಚಿ ನೋಡಬೇಕು. ಕಡಲ ಬದಿಯಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದುಂಟು. ಮಂಗಳೂರು ನಗರಕ್ಕೆ ನೇತ್ರಾವತಿಯ ತುಂಬೆ ಅಣೆಕಟ್ಟೆಯಿಂದ ನೀರು ಬರುತ್ತದೆ. ನಗರದ ನಲ್ಲಿ ಸಂಪರ್ಕ ಇದೆಯೇ, ಟ್ಯಾಂಕರು ತರಿಸುತ್ತಾರೆಯೇ ಎಂಬುದನ್ನು ಅಕ್ಕಪಕ್ಕದವರಲ್ಲಿ ವಿಚಾರಿಸಬೇಕು.

ಮನೆಯನ್ನು ಒಮ್ಮೆಯಾದರೂ ಜುಲೈ ಇಲ್ಲವೆ ಆಗಸ್ಟಿನಲ್ಲಿ, ಮಳೆ ಸುರಿಯುತ್ತಿರುವಾಗಲೇ ನೋಡುವುದು ಉತ್ತಮ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರದು. ಡಿಸೆಂಬರಿನಲ್ಲಿ ಸೋರದ ತಾರಸಿ ಯಾವುದಿದೆ? ಕೊಯ್ಲಿನ ಹೊತ್ತಿಗೆ ಮಾತ್ರ ತೋಟ ತೋರಿಸುವವರನ್ನು ನಾವು ನಂಬುತ್ತೇವೆಯೇ?

ಇಂಜಿನಿಯರರು ಮಾಡಬಹುದಾದ ಪರೀಕ್ಷೆಗಳೂ ಇವೆ. ಕಾಂಕ್ರೀಟಿನ ಹೊಸ ಒಡಕಿಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರಗುಣ ಉಳಿದಿರುವ ಕಡೆ ಗುಲಾಬಿ ಬಣ್ಣ ಬರುತ್ತದೆ, ಕಳೆದುಕೊಂಡ ಕಡೆ ಬರುವುದಿಲ್ಲ. ಕ್ಲೋರೈಡ್ ಪ್ರಮಾಣವನ್ನು ಪುಡಿ ತೆಗೆದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಇದು ಮನೆಯ ಮಣ್ಣು ಪರೀಕ್ಷೆ ಎಂದು ತಿಳಿಯಬಹುದು. ಇದಕ್ಕೆ ತಗಲುವ ಖರ್ಚು ಮನೆಯ ಬೆಲೆಯ ಮುಂದೆ ಅಲ್ಪ.

‘ಎರಡು ಕೋಣೆ’ ಎಂಬ ಮಾತು

ಜಾಹೀರಾತಿನಲ್ಲಿ ಕೊಡುವ ಚದರ ಅಡಿಯಲ್ಲಿ ಮೆಟ್ಟಿಲು, ಲಿಫ್ಟು, ಓಣಿಗಳ ಪಾಲೂ ಸೇರಿರುವುದು ಸಾಮಾನ್ಯ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ‘ಕಾರ್ಪೆಟ್ ಏರಿಯಾ’ ಎಂದರೇನೆಂದು ಸ್ಪಷ್ಟಪಡಿಸಿದೆ. ಹೊರಗೋಡೆ ಮತ್ತು ಬಾಲ್ಕನಿಗಳನ್ನು ಬಿಟ್ಟು, ಒಳಗೋಡೆಗಳನ್ನು ಸೇರಿಸಿ, ಬಳಸಲು ಸಿಗುವ ನೆಲವೇ ಅದು. ಉದಾಹರಣೆಗೆ 50 ಲಕ್ಷ ರೂಪಾಯಿಯ ಮನೆ 1,200 ಚದರ ಅಡಿ ಎಂದು ಹೇಳಿದರೆ ಅಡಿಗೆ ಸುಮಾರು 4,170 ರೂ. ಆಯಿತು. ಅಳೆದು ನೋಡಿದಾಗ ಒಳಗೆ 850 ಚದರ ಅಡಿ ಮಾತ್ರ ಇದ್ದರೆ ನಿಜವಾದ ದರ ಸುಮಾರು 5,880 ರೂ. ಆಗುತ್ತದೆ. ಎರಡು ಮನೆಗಳನ್ನು ಹೋಲಿಸುವಾಗ ಒಳಗಿನ ಅಳತೆಯಿಂದಲೇ ಹೋಲಿಸಬೇಕು. ಅದೇ ಕಾಯ್ದೆಯ ಪ್ರಕಾರ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದವರೆಗೆ ಕಟ್ಟಿಸಿದವರೇ ಸರಿಪಡಿಸಿಕೊಡಬೇಕು. ಇಪ್ಪತ್ತು ವರ್ಷದ ಹಳೆಯ ಮನೆಗೆ ಈ ರಕ್ಷಣೆ ಸಿಗದು.

ಇದಕ್ಕಿಂತ ಮುಖ್ಯವಾದುದು ನೆಲದ ಪಾಲು. ನಲವತ್ತು ಸೆಂಟ್ಸ್ ಜಾಗದಲ್ಲಿ 24 ಮನೆಗಳಿದ್ದರೆ ಸರಾಸರಿ ಒಂದು ಮನೆಗೆ ಬರುವುದು ಸುಮಾರು ಒಂದೂ ಮುಕ್ಕಾಲು ಸೆಂಟ್ಸಿಗಿಂತ ತುಸು ಕಡಿಮೆ, ಅಂದರೆ 726 ಚದರ ಅಡಿ. ಅದನ್ನೂ ಬೇಲಿ ಹಾಕಿ ಬೇರೆ ಮಾಡಿಕೊಳ್ಳುವಂತಿಲ್ಲ. ಕಟ್ಟಡಕ್ಕೆ ವಯಸ್ಸಾಗುತ್ತದೆ, ಕೊನೆಗೆ ಬೆಲೆ ಉಳಿಯುವುದು ಈ ಪಾಲಿಗೆ. ಕ್ರಯಪತ್ರದಲ್ಲಿ ಅವಿಭಜಿತ ಪಾಲು ಎಷ್ಟೆಂದು ಬರೆದಿರುವುದನ್ನು ಓದಿಯೇ ಮುಂದುವರಿಯಬೇಕು.

ಕಾಗದಪತ್ರಗಳು

ಮೂಲ ಕ್ರಯಪತ್ರದಿಂದ ಇಂದಿನವರೆಗಿನ ಪತ್ರಗಳ ಸರಪಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಕಟ್ಟಡ ಪೂರ್ಣಗೊಂಡ ಬಗ್ಗೆ ಸ್ಥಳೀಯ ಸಂಸ್ಥೆ ಕೊಟ್ಟ ಪತ್ರ, ತೆರಿಗೆ ರಸೀದಿ ಇವೆಲ್ಲ ಬೇಕೆಂಬುದು ಸದಸ್ಯರಿಗೆ ತಿಳಿದದ್ದೇ. ನಗರ ಪ್ರದೇಶದ ಆಸ್ತಿಯ ನೋಂದಣಿಗೆ 2024ರ ಅಕ್ಟೋಬರಿನಿಂದ ಇ-ಖಾತಾ ಸಹ ಬೇಕಾಗಿದೆ. ಇವುಗಳ ಜೊತೆಗೆ ನಾಲ್ಕು ವಿಷಯಗಳನ್ನು ಗಮನಿಸಬೇಕು.

ಒಂದು, ದಕ್ಷಿಣ ಕನ್ನಡದ ಮೂಲಗೇಣಿ. ಮಂಗಳೂರಿನ ಹಲವು ಜಾಗಗಳು ಮೂಲಗೇಣಿಯವು. ಅಂದರೆ ಶಾಶ್ವತ ಗೇಣಿಯ ಹಕ್ಕು ಒಬ್ಬರದು, ಮೂಲಿ ವರ್ಗ ಇನ್ನೊಬ್ಬರದು. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರಲ್ಲಿ ಕಾಯ್ದೆ ಮಾಡಲಾಗಿದೆಯಾದರೂ ತಾವು ನೋಡುತ್ತಿರುವ ಜಾಗ ಯಾವ ಹಕ್ಕಿನದೆಂದು ಸ್ಥಳೀಯ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯತಕ್ಕದ್ದು. ಘಟ್ಟದ ಮೇಲಿನ ಸದಸ್ಯರಿಗೆ ಈ ಪದ್ಧತಿ ಹೊಸದಾಗಿರಬಹುದು.

ಎರಡು, ಮಾರುವವರು ವಿದೇಶದಲ್ಲಿದ್ದರೆ. ಕೊಲ್ಲಿ ದೇಶಗಳಲ್ಲಿರುವವರ ಮನೆಗಳು ಮಾರಾಟಕ್ಕೆ ಬರುವುದು ಕರಾವಳಿಯಲ್ಲಿ ಸಾಮಾನ್ಯ. ಅಧಿಕಾರ ಪತ್ರದ ಮೇಲೆ ಇನ್ನೊಬ್ಬರು ಮಾರುತ್ತಿದ್ದರೆ, ಬರೆದುಕೊಟ್ಟವರೊಡನೆ ನೇರವಾಗಿ ಮಾತನಾಡಬೇಕು. ವಿದೇಶದಲ್ಲಿ ಬರೆದ ಪತ್ರಕ್ಕೆ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕವಾಗಿದೆಯೇ ನೋಡಬೇಕು. ತೆರಿಗೆಯ ವಿಷಯವೂ ಬೇರೆ. ಮಾರುವವರು ಇಲ್ಲಿನ ನಿವಾಸಿಯಾಗಿದ್ದು ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ, ಕೊಳ್ಳುವವರು ಶೇಕಡಾ 1ರಷ್ಟು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅನಿವಾಸಿಯಾದರೆ 50 ಲಕ್ಷದ ಮಿತಿ ಅನ್ವಯಿಸದು, ಹಿಡಿಯಬೇಕಾದ ಮೊತ್ತವೂ ಬಹಳ ಹೆಚ್ಚು. ಹಿಡಿಯದಿದ್ದರೆ ಇಲಾಖೆ ಕೇಳುವುದು ಕೊಂಡವರನ್ನೇ.

ಮೂರು, ಮನೆಗಳ ಸಂಘ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣಾ ಪತ್ರವಾಗಿದೆಯೇ, ಸಂಘದಲ್ಲಿ ದುರಸ್ತಿ ನಿಧಿ ಎಷ್ಟಿದೆ, ಈ ಮನೆಯ ಬಾಕಿ ಇದೆಯೇ ಎಂದು ತಿಳಿಯಬೇಕು. ಸಂಘದ ಕಳೆದ ಮೂರು ವರ್ಷದ ನಡವಳಿ ಪುಸ್ತಕ ಓದಲು ಕೇಳುವುದು ಒಳ್ಳೆಯ ಉಪಾಯ. ಸೋರಿಕೆ, ಬಿರುಕು, ಲಿಫ್ಟಿನ ಜಗಳ ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಸಹಕಾರ ಸಂಘದ ಮಹಾಸಭೆಗಳಲ್ಲಿ ಕುಳಿತು ಬಲ್ಲ ನಮ್ಮ ಸದಸ್ಯರಿಗೆ ಅದನ್ನು ಓದುವುದು ಕಷ್ಟವಲ್ಲ.

ನಾಲ್ಕು, ನಗದು. ಸ್ಥಿರಾಸ್ತಿಯ ಮಾರಾಟಕ್ಕೆ ಸಂಬಂಧಿಸಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಮುಂಗಡ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ವ್ಯವಹಾರವೆಲ್ಲ ಬ್ಯಾಂಕಿನ ಮೂಲಕವೇ ಆಗಲಿ.

ಖರ್ಚಿನ ಲೆಕ್ಕ

50 ಲಕ್ಷ ರೂಪಾಯಿಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ನಗರದಲ್ಲಿ ಶೇಕಡಾ 5.6. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಲಾಗಿದೆ. ಒಟ್ಟು ಶೇಕಡಾ 7.6, ಅಂದರೆ 3 ಲಕ್ಷದ 80 ಸಾವಿರ ರೂ. ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೆಯೇ ಲೆಕ್ಕ. ದರಗಳು ಬದಲಾಗುವುದರಿಂದ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಬೇಕು. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಕೊಡಬಹುದಾದುದು ಮನೆಯ ಬೆಲೆಯ ಹೆಚ್ಚೆಂದರೆ ಶೇಕಡಾ 80, ಮೇಲಿನ ಶುಲ್ಕಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಹೀಗೆ 40 ಲಕ್ಷ ಸಾಲ ಸಿಕ್ಕಿದರೂ ಕೈಯಿಂದ ಸುಮಾರು 14 ಲಕ್ಷ ಬೇಕು.

ಈಗ ಆದಾಯ. ತಿಂಗಳಿಗೆ 15,000 ರೂ. ಬಾಡಿಗೆ ಬರುವುದೆಂದೂ, ಸಂಘದ ಶುಲ್ಕ 2,500, ತೆರಿಗೆ ಮತ್ತು ಸಣ್ಣ ದುರಸ್ತಿಗೆ 1,000 ಹೋಗುವುದೆಂದೂ ಇಟ್ಟುಕೊಂಡರೆ ಉಳಿಯುವುದು 11,500. ವರ್ಷಕ್ಕೆ 1 ಲಕ್ಷದ 38 ಸಾವಿರ. ಹಾಕಿದ 53 ಲಕ್ಷದ 80 ಸಾವಿರಕ್ಕೆ ಇದು ಶೇಕಡಾ 2.6ರಷ್ಟು ಮಾತ್ರ. ಕೇವಲ 20 ಲಕ್ಷ ಸಾಲ ಮಾಡಿ, ಶೇಕಡಾ 8.5ರ ಬಡ್ಡಿಯಲ್ಲಿ 15 ವರ್ಷದ ಅವಧಿಗೆ ತೀರಿಸುವುದಾದರೂ ತಿಂಗಳ ಕಂತು ಸುಮಾರು 19,700 ರೂ. ಬಾಡಿಗೆ ಕಳೆದು ತಿಂಗಳಿಗೆ 8,200, ವರ್ಷಕ್ಕೆ ಸುಮಾರು 98,000 ರೂಪಾಯಿಯನ್ನು ತೋಟವೇ ತುಂಬಿಕೊಡಬೇಕು. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ಫಸಲು ವರ್ಷಕ್ಕೊಮ್ಮೆ. ಕೊಳೆರೋಗ ಬಂದ ವರ್ಷವೂ, ಹೂಮಳೆ ತಪ್ಪಿದ ವರ್ಷವೂ ಕಂತು ನಿಲ್ಲದು.

ಮಗ ಅಥವಾ ಮಗಳ ನಾಲ್ಕು ವರ್ಷದ ಓದಿಗಾಗಿ ಮಾತ್ರ ಮನೆ ಬೇಕಾಗಿದ್ದರೆ, ಅದೇ ಬಾಡಿಗೆಯಲ್ಲಿ ನಾಲ್ಕು ವರ್ಷಕ್ಕೆ ತಗಲುವುದು 7 ಲಕ್ಷದ 20 ಸಾವಿರ. ನೋಂದಣಿಯ ಖರ್ಚೊಂದೇ ಎರಡು ವರ್ಷದ ಬಾಡಿಗೆಯನ್ನು ಮೀರುತ್ತದೆ ಎಂಬುದನ್ನು ಗಮನಿಸಬೇಕು. ಹಿರಿಯರು ಅಲ್ಲಿಯೇ ನೆಲೆಸುವ ಉದ್ದೇಶವಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗಲೂ ಕಡಲಿನಿಂದ ತುಸು ಒಳಗೆ, ಲಿಫ್ಟು ಕೆಟ್ಟರೂ ಹತ್ತಬಹುದಾದ ಅಂತಸ್ತಿನಲ್ಲಿ, ಆಸ್ಪತ್ರೆಗೆ ಹತ್ತಿರವಿರುವ ಮನೆಯೇ ವಾಸಿ.

ನವೀಕರಣಕ್ಕೆಂದು ಕೇಳುವ ಹೆಚ್ಚಿನ ಬೆಲೆಯನ್ನೂ ತೂಗಿ ನೋಡಬೇಕು. ಅದೇ ಕಟ್ಟಡದಲ್ಲಿ ನವೀಕರಿಸದ ಮನೆ ಎಷ್ಟಕ್ಕೆ ಮಾರಾಟವಾಯಿತು, ಈ ಮನೆಗೆ ಎಷ್ಟು ಕೇಳುತ್ತಿದ್ದಾರೆ ಎಂದು ತಿಳಿದು, ವ್ಯತ್ಯಾಸಕ್ಕೆ ಬಿಲ್ಲುಗಳನ್ನು ಕೇಳುವುದು ನ್ಯಾಯ. ಎಷ್ಟೋ ಸಲ ಸುಣ್ಣಬಣ್ಣ ಕಾಣದ ಹಳೆಯ ಮನೆಯೇ ಕೊಳ್ಳುವವರಿಗೆ ಅನುಕೂಲ. ಅದರ ಬಿರುಕುಗಳು ಎದುರಿಗೇ ಇರುತ್ತವೆ, ದುರಸ್ತಿಯನ್ನು ನಮ್ಮ ಕಣ್ಣೆದುರೇ ಮಾಡಿಸಬಹುದು.

ಕೊನೆಯದಾಗಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಬೆಳೆಸಾಲವನ್ನು ಮನೆಗೆ ತಿರುಗಿಸುವುದಾಗಲಿ, ಮೂರು ನಾಲ್ಕು ಎಕರೆಯ ತೋಟವನ್ನೇ ಈ ಕಾರಣಕ್ಕೆ ಅಡವಿಡುವುದಾಗಲಿ ಸಣ್ಣ ಬೆಳೆಗಾರರಿಗೆ ಹೇಳಿದ ಮಾತಲ್ಲ. ಬೇರು ಬಿಟ್ಟ ಅಡಿಕೆ ಮರ ಮುಂದಿನ ತಲೆಮಾರಿಗೂ ಗೊನೆ ಬಿಡುತ್ತದೆ. ಉಪ್ಪು ಹಿಡಿದ ಸರಳು ದಿನದಿನಕ್ಕೆ ಸವೆಯುತ್ತದೆ. ಉಳಿತಾಯದ ಹಣದಿಂದ, ಮಳೆಗಾಲದಲ್ಲಿ ನೋಡಿ, ತಟ್ಟಿ, ಅಳೆದು, ಪತ್ರ ಓದಿ ಕೊಳ್ಳುವವರಿಗೆ ಕಡಲ ಬದಿಯ ಮನೆ ಸುಖವನ್ನೇ ಕೊಡಲಿ. ಮುಂಗಡ ಕೊಡುವ ಮೊದಲು ಮೇಲಿನ ಏಳು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಒಂದೊಂದಕ್ಕೂ ಗುರುತು ಹಾಕುತ್ತ ನೋಡಿಬರುವುದು ಕ್ಷೇಮವೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.